ತೊಗರಿಯ ಹೊಲದಲ್ಲಿ ಮೆಂಡೆಲ್

ಮಿಯಾಪುರದಿಂದ ಮುಂಬಯಿ ಹೆದ್ದಾರಿ ಹಿಡಿದು ಪಡುವಣಕ್ಕೆ ಹೊರಟರೆ ಮೊದಲು ಪಟಾನ್‌ಚೆರು, ಆಮೇಲೆ ಸಂಗಾರೆಡ್ಡಿ, ಜಹೀರಾಬಾದು. ಅದನ್ನೂ ದಾಟಿದರೆ ನಮ್ಮ ಹುಮನಾಬಾದು. ಊರಿಗೆ ಹೋದವರು ಕಲಬುರ್ಗಿಯ ತೊಗರಿಬೇಳೆಯ ಗಂಟು ತರುವುದು ಇದೇ ದಾರಿಯಲ್ಲಿ. ಆ ತೊಗರಿಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಪಟಾನ್‌ಚೆರುವಿನಲ್ಲೇ ನಡೆಯಿತೆಂಬುದನ್ನು ಮಾತ್ರ ನಾವು ನೆನೆಯುವುದು ಕಡಮೆ.

ಮೂಲಸೂತ್ರ ಬಹಳ ದೂರದ್ದು. ಬ್ರೂನ್ ಪಟ್ಟಣದ ಮಠದ ತೋಟದಲ್ಲಿ ಗ್ರೆಗೊರ್ ಮೆಂಡೆಲ್ ಎಂಬ ಪಾದ್ರಿ ಎತ್ತರದ ಬಟಾಣಿ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಕರ ಮಾಡಿದರು. ಮೊದಲ ತಲೆಮಾರಿನದೆಲ್ಲ ಎತ್ತರವೇ. ಅವುಗಳ ಸಂತಾನದಲ್ಲಿ 787 ಎತ್ತರ, 277 ಗಿಡ್ಡ. ಅಂದರೆ ಸುಮಾರು ಮೂರಕ್ಕೊಂದು. ಪ್ರತಿ ಗುಣಕ್ಕೂ ತಂದೆಯಿಂದೊಂದು, ತಾಯಿಯಿಂದೊಂದು ವಂಶವಾಹಿ ಬರುತ್ತದೆ. ಪ್ರಬಲವಾದುದು ಒಂದೇ ಇದ್ದರೂ ಮೆರೆಯುತ್ತದೆ. ದುರ್ಬಲವಾದುದು ಎರಡು ಸೇರಿದಾಗಲಷ್ಟೇ ತಲೆಯೆತ್ತುತ್ತದೆ. 1865ರಲ್ಲಿ ಅವರು ಹೇಳಿದ ಈ ಮಾತಿಗೆ ಲೋಕ ಕಿವಿಗೊಟ್ಟದ್ದು 1900ರಲ್ಲಿ.

ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸಾಟ್ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಸೊರಗು ರೋಗವನ್ನು ತಡೆಯುವ 'ಮಾರುತಿ' ತೊಗರಿ ಕರ್ನಾಟಕದ ರೈತರಿಗೆ 1986ರಲ್ಲಿ ಬಂದದ್ದು ಅಲ್ಲಿನ ದುಡಿಮೆಯ ಫಲವೇ. ಆದರೆ ಹೆಚ್ಚು ಇಳುವರಿಯ ಸಂಕರ ಬೀಜ ಬೇಕಾದರೆ, ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದ ತಾಯಿಗಿಡ ಬೇಕು. ಅಂಥ ಗಿಡಗಳು 1970ರ ದಶಕದಲ್ಲಿ ದೊರೆತವು. ಅವುಗಳ ಪರಾಗಕೋಶ ಹಳದಿಯಲ್ಲ, ಬಿಳಿಚು. ಕಾರಣ ಒಂದು ದುರ್ಬಲ ವಂಶವಾಹಿಯ ಜೋಡಿ.

ಇಲ್ಲಿ ಮೆಂಡೆಲರ ಲೆಕ್ಕ ನೆರವಾಯಿತು, ತೊಡಕೂ ಆಯಿತು. ಪರಾಗವಿಲ್ಲದ ಗಿಡದ ವಂಶ ಬೆಳೆಯಬೇಕಾದರೆ, ಆ ದುರ್ಬಲ ಗುಣವನ್ನು ಒಳಗೆ ಅಡಗಿಸಿಕೊಂಡ ಪರಾಗವುಳ್ಳ ಗಿಡವನ್ನೇ ಅದಕ್ಕೆ ಕೂಡಿಸಬೇಕು. ಆಗ ಸಂತಾನದಲ್ಲಿ ಅರ್ಧ ಪರಾಗವಿಲ್ಲದ್ದು, ಅರ್ಧ ಪರಾಗವುಳ್ಳದ್ದು. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಆದ್ದರಿಂದ ತಾಯಿಸಾಲಿನ ಒಂದೊಂದು ಗಿಡದ ಮೊದಲ ಹೂವನ್ನೂ ಬಿಡಿಸಿ ನೋಡಿ, ಪರಾಗವುಳ್ಳ ಗಿಡಗಳನ್ನೆಲ್ಲ ಕಿತ್ತುಹಾಕಬೇಕು. ಪಕ್ಕದ ತಂದೆಸಾಲಿನ ಪರಾಗವನ್ನು ಜೇನುನೊಣಗಳು ತರುತ್ತವೆ.

ಹೀಗೆ ಸಿದ್ಧವಾದ 'ಐಸಿಪಿಎಚ್ 8' 1991ರಲ್ಲಿ ಬಿಡುಗಡೆಯಾಯಿತು. ಬೇಳೆಕಾಳುಗಳಲ್ಲಿ ಜಗತ್ತಿಗೇ ಮೊದಲ ಸಂಕರ ತಳಿ ಅದು. ಆದರೂ ಹೊಲದಲ್ಲಿ ಹರಡಲಿಲ್ಲ. ಅರ್ಧದಷ್ಟು ಗಿಡ ಕೀಳುವ ಕೂಲಿ, ಅದಕ್ಕೆ ಬೇಕಾದ ನುರಿತ ಕಣ್ಣು, ಎರಡೂ ಬೀಜೋತ್ಪಾದಕರಿಗೆ ಭಾರವಾದವು. ಲೆಕ್ಕ ತಪ್ಪಿರಲಿಲ್ಲ; ಲೆಕ್ಕ ಸರಿಯಾಗಿದ್ದುದರಿಂದಲೇ ಆ ಅರ್ಧ ಪ್ರತಿ ಸಲವೂ ಎದುರಾಗುತ್ತಿತ್ತು.

ವಿಜ್ಞಾನಿಗಳು ಕೈಚೆಲ್ಲಲಿಲ್ಲ. ತೊಗರಿಯ ಕಾಡುಬಂಧುವೊಂದರ ಕೋಶದ್ರವ್ಯವನ್ನು ಸಾಗುವಳಿಯ ತೊಗರಿಗೆ ತಂದರು. ಆಗ ಪರಾಗಹೀನತೆ ತಾಯಿಯ ಕಡೆಯಿಂದಲೇ ಬಂದು, ತಾಯಿಸಾಲಿನ ಗಿಡಗಳೆಲ್ಲ ಒಂದೇ ಬಗೆಯವಾದವು. ಅರ್ಧ ಕೀಳುವ ಕಷ್ಟ ತಪ್ಪಿತು. ರೈತನ ಹೊಲದ ಸಂಕರ ಗಿಡ ಕಾಯಿ ಕಟ್ಟಲು ಬೇಕಾದ ಪರಾಗವನ್ನು ಮರಳಿ ಕೊಟ್ಟದ್ದು ತಂದೆಯ ಕಡೆಯ ಪ್ರಬಲ ವಂಶವಾಹಿ. ಈ ಕ್ರಮದ 'ಐಸಿಪಿಎಚ್ 2671' 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು.

ಹುಟ್ಟುವ ಗಿಡ ಎಂಥದೆಂದು ಮುಂದಾಗಿ ತಿಳಿದರೆ ಸಾಲದು. ಆ ತಿಳಿವಳಿಕೆ ರೈತನ ಕೈಗೆಟುಕುವ ಬೆಲೆಯ ಬೀಜವಾಗಬೇಕು. ಪಟಾನ್‌ಚೆರುವಿನ ಮೂರು-ನಾಲ್ಕು ದಶಕಗಳ ಚರಿತ್ರೆ ಕಲಿಸುವ ಪಾಠವಿದು. ಬೇಳೆಯ ಗಂಟಿನೊಡನೆ ಆ ದಾರಿಯಲ್ಲಿ ಬರುವಾಗ ಇದನ್ನೊಮ್ಮೆ ನೆನೆಯೋಣ.