ಮನೆಯೊಳಗಿನ ನಾದ ಮತ್ತು ಆಂಪ್ಲಿಫೈಯರಿನ ಕಥೆ

ಹಾಡುವವರು ಎದುರಿಗಿಲ್ಲದೆ ಹಾಡನ್ನು ಕೇಳುವ ಅವಕಾಶ ಮನುಷ್ಯನಿಗೆ ದೊರೆತದ್ದು 1877ರಲ್ಲಿ ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದ ಮೇಲೆ. ಆನಂತರದ ಸುಮಾರು ಐವತ್ತು ವರ್ಷಗಳ ಕಾಲ ಮನೆಗಳಲ್ಲಿ ಕೇಳಿಬಂದ ಯಂತ್ರದ ಸಂಗೀತಕ್ಕೆಲ್ಲ ಸೂಜಿಯೊಂದರ ಅಲುಗಾಟವೇ ಬಲ. ತಟ್ಟೆಯ ಗೆರೆಯಲ್ಲಿ ಸೂಜಿ ಅಲುಗಬೇಕು, ಸೂಜಿ ಒಂದು ತೆಳುವಾದ ಪೊರೆಯನ್ನು ಅಲುಗಿಸಬೇಕು, ಪೊರೆಯ ಸದ್ದನ್ನು ಕಹಳೆ ಕೋಣೆಗೆ ಹರಡಬೇಕು. ಇದ್ದ ಸದ್ದನ್ನು ಹಿಗ್ಗಿಸುವ ವಿದ್ಯುತ್ ಸಾಧನ ಯಾವುದೂ ಅದರಲ್ಲಿರಲಿಲ್ಲ.

ಧ್ವನಿಮುದ್ರಣ ಮಾಡುವಾಗಲೂ ಅದೇ ಪಾಡು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ ಆಕೆ ಕಹಳೆಯೊಂದರ ಬಾಯಿಗೆ ಎದುರಾಗಿ, ಗಟ್ಟಿ ದನಿಯಲ್ಲಿ ಹಾಡಬೇಕಾಗಿತ್ತು. ಮುಂದೆ ಇದೇ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಆಕೆಯ ಆ ಕಾಲದ ಮುದ್ರಿಕೆಗಳನ್ನು ಇಂದು ಕೇಳಿದರೆ ಕಂಠದ ಚುರುಕು ತಿಳಿಯುತ್ತದೆ. ತಂಬೂರಿಯ ಗುಂಗು, ತಬಲಾದ ಎಡಗೈ ತೂಕ ಬಹುಮಟ್ಟಿಗೆ ಕಾಣೆಯಾಗಿವೆ. ಕಹಳೆಗೆ ಅವು ದಕ್ಕಲಿಲ್ಲ.

ಈ ಕೊರತೆಯನ್ನು ನೀಗಿದ ಸಾಧನ ಸಂಗೀತಕ್ಕೆಂದು ಹುಟ್ಟಿದ್ದಲ್ಲ. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ವಿದ್ಯುದ್ವಾರಗಳ ವಾಲ್ವನ್ನು ಮಾಡಿದರು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದಕ್ಕೆ ಮೂರನೆಯದೊಂದನ್ನು ಸೇರಿಸಿದರು. ಈ ಮೂರನೆಯ ವಿದ್ಯುದ್ವಾರಕ್ಕೆ ಕೊಟ್ಟ ಸಣ್ಣ ಏರಿಳಿತವು ಅಲ್ಲಿ ಹರಿಯುವ ದೊಡ್ಡ ಪ್ರವಾಹವನ್ನು ಆಳುತ್ತದೆ. ಕಾಲುವೆಯ ತೂಬನ್ನು ಒಂದು ಬೆರಳಿನಿಂದ ಆಡಿಸಿ ಗದ್ದೆಗೆ ಹರಿಯುವ ನೀರನ್ನೆಲ್ಲ ಹಿಡಿತದಲ್ಲಿಟ್ಟುಕೊಂಡ ಹಾಗೆ. 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದೂರವಾಣಿ ಸಂಪರ್ಕ ಉದ್ಘಾಟನೆಯಾದದ್ದು ಇಂಥ ವಾಲ್ವ್ ಆಂಪ್ಲಿಫೈಯರುಗಳ ನೆರವಿನಿಂದ. ಹತ್ತು ವರ್ಷಗಳ ತರುವಾಯ, 1925ರಲ್ಲಿ, ಮೈಕ್ರೊಫೋನ್ ಮತ್ತು ಆಂಪ್ಲಿಫೈಯರ್ ಬಳಸಿದ ಧ್ವನಿಮುದ್ರಿಕೆಗಳು ಅಮೆರಿಕದಲ್ಲಿ ಹೊರಬಂದವು. ಅದೇ ವರ್ಷ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಇಂದಿನ ಸ್ಪೀಕರಿನ ಮೂಲರೂಪವನ್ನು ಲೋಕದ ಮುಂದಿಟ್ಟರು. ಮನೆಯ ಸಂಗೀತದಲ್ಲಿ ಆದ ಬದಲಾವಣೆಗಳಲ್ಲೆಲ್ಲ ಇದೇ ದೊಡ್ಡದೆಂದು ನನ್ನ ಎಣಿಕೆ. ಗಾಯಕರು ಇನ್ನು ಕಿರುಚಬೇಕಾಗಿರಲಿಲ್ಲ. ಮೆಲುದನಿಗೂ ಬೆಲೆ ಬಂತು.

ನನ್ನ ಬಾಲ್ಯದ ನಾದಲೋಕವೂ ವಾಲ್ವಿನದೇ. ನಡುಮನೆಯ ಗೂಡಿನಲ್ಲಿದ್ದ ರೇಡಿಯೊವನ್ನು ತಂದೆಯವರು ಹಚ್ಚಿದರೆ, ಒಳಗಿನ ತಂತಿ ಕಾದು ದನಿ ಹೊರಡುವ ತನಕ ನಾವು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ರಾತ್ರಿಯ ಕಚೇರಿಯಲ್ಲಿ ಮೃದಂಗದ ಎಡಭಾಗದ ಗುಮುಕಿ ಆ ಮರದ ಪೆಟ್ಟಿಗೆಯಿಂದ ಹೊರಟು ನೆಲದ ಮೇಲೆ ಮಲಗಿದ್ದ ನಮ್ಮ ಬೆನ್ನಿಗೆ ತಾಗುತ್ತಿತ್ತು. ಹಳೆಯ ರೇಡಿಯೊದ ನಾದ ಮಧುರವೆಂದು ಈಗಲೂ ಹಲವರು ಹೇಳುವುದುಂಟು. ಆ ಮಾಧುರ್ಯದಲ್ಲಿ ಮರದ ಪೆಟ್ಟಿಗೆಯ ಪಾಲೂ ಇದೆ, ವಾಲ್ವು ತಾನಾಗಿ ಬೆರೆಸುವ ಒಂದಿಷ್ಟು ವಿಕೃತಿಯ ಪಾಲೂ ಇದೆ.

ವಿಕೃತಿ ಎಂದರೆ, ಒಳಗೆ ಹೋದ ಅಲೆಯ ಆಕಾರವೇ ಒಂದು, ದೊಡ್ಡದಾಗಿ ಹೊರಬಂದ ಅಲೆಯ ಆಕಾರವೇ ಇನ್ನೊಂದು ಆಗುವುದು. ಇದಕ್ಕೆ ಮದ್ದು ಕಂಡುಹಿಡಿದವರು ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಈ ಎಂಜಿನಿಯರಿಗೆ ಉಪಾಯ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಅದನ್ನು ಬರೆದಿಟ್ಟರು. ನನ್ನ ಶಿಷ್ಯರಿಗೆ ಇದನ್ನು ತರಗತಿಯ ರೀತಿಯಲ್ಲೇ ವಿವರಿಸುತ್ತೇನೆ. ಪುಸ್ತಕದ ಚಿತ್ರವೊಂದನ್ನು ಹುಡುಗನೊಬ್ಬ ಹಲಗೆಯ ಮೇಲೆ ಹತ್ತುಪಟ್ಟು ದೊಡ್ಡದಾಗಿ ಬರೆಯುತ್ತಿದ್ದಾನೆ. ಇನ್ನೊಬ್ಬ ಅದನ್ನು ಮೂಲದೊಡನೆ ಹೋಲಿಸುತ್ತ, ಗೆರೆ ಬಲಕ್ಕೆ ಜಾರಿದರೆ ಎಡಕ್ಕೆ, ಎಡಕ್ಕೆ ಜಾರಿದರೆ ಬಲಕ್ಕೆ ಎನ್ನುತ್ತಿದ್ದಾನೆ. ಹಾಗೆಯೇ ಆಂಪ್ಲಿಫೈಯರಿನಿಂದ ಹೊರಬಂದುದರ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಹೋಗುವುದರಿಂದ ಕಳೆಯಬೇಕು. ಹಿಗ್ಗಿಸುವ ಶಕ್ತಿ ಎಷ್ಟು ಕುಗ್ಗುತ್ತದೆಯೋ ವಿಕೃತಿಯೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಗಳಿಸಿದ್ದನ್ನು ಬೇಕೆಂದೇ ಕಳೆಯುವ ಈ ವಿದ್ಯೆ ಅಂದಿನವರಿಗೆ ವಿಚಿತ್ರವಾಗಿ ತೋರಿತು. 1928ರಲ್ಲಿ ಅರ್ಜಿ ಹಾಕಿದ ಬ್ಲ್ಯಾಕ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1937ರ ಡಿಸೆಂಬರಿನಲ್ಲಿ.

ಈ ತತ್ತ್ವವನ್ನು ಸಾಮಾನ್ಯರ ಮನೆಗೆ ತಂದವರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಪ್ರಮುಖರು. 1947ರಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ 15 ವ್ಯಾಟ್ ಆಂಪ್ಲಿಫೈಯರಿನ ವಿಕೃತಿ ನೂರಕ್ಕೆ 0.1ಕ್ಕಿಂತಲೂ ಕಡಿಮೆ. ಲೋಕದ ನಾನಾ ಕಡೆ ಹವ್ಯಾಸಿಗಳು ಆ ನಕ್ಷೆಯನ್ನು ಮುಂದಿಟ್ಟುಕೊಂಡು ತಾವೇ ಬೆಸುಗೆ ಹಾಕಿ ಕಟ್ಟಿಕೊಂಡರು. 1953ರಲ್ಲಿ ಪೀಟರ್ ವಾಕರ್ ಅವರ ಸಂಸ್ಥೆಯ 'ಕ್ವಾಡ್ 2' ಬಂತು. 1947ರ ಡಿಸೆಂಬರಿನಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರ್ ಅಷ್ಟರಲ್ಲಿ ಬೆಳೆಯತೊಡಗಿತ್ತು. 1960ರ ದಶಕದ ಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಅನೇಕವು ಮೆಲ್ಲನೆಯ ಸ್ವರಗಳಲ್ಲಿ ಒರಟಾಗಿದ್ದವು. ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊತ್ತಾಗ, ಒಂದು ಇಳಿಸಿ ಇನ್ನೊಂದು ಎತ್ತಿಕೊಳ್ಳುವ ಸಂಧಿಯಲ್ಲಿ ತೊಡಕು ಬೀಳುತ್ತಿತ್ತು. ಆಗ ಆಂಪ್ಲಿಫೈಯರ್ ಬದಲಿಸಿದವರ ಕಿವಿಗೆ ವ್ಯತ್ಯಾಸ ಕೇಳಿಸಿದ್ದು ನಿಜವೇ ಸರಿ.

ದಶಕ ಕಳೆಯುವುದರೊಳಗೆ ಆ ತೊಡಕು ಬಹುಮಟ್ಟಿಗೆ ಬಗೆಹರಿಯಿತು. 1978ರಲ್ಲಿ ಜೇಮ್ಸ್ ಮೋಯರ್ ಎಂಬ ಎಂಜಿನಿಯರ್ ಒಂದು ಪರೀಕ್ಷೆ ನಡೆಸಿದರು. 1953ರ ವಾಲ್ವಿನ ಕ್ವಾಡ್ 2, 1967ರ ಟ್ರಾನ್ಸಿಸ್ಟರಿನ ಕ್ವಾಡ್ 303, 1975ರ ಕ್ವಾಡ್ 405, ಈ ಮೂರನ್ನೂ ಧ್ವನಿಯ ಮಟ್ಟ ಸಮ ಮಾಡಿ, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ, ಪಳಗಿದ ಕೇಳುಗರಿಗೆ ಕೇಳಿಸಿದರು. ಅವರು ಒಂದನ್ನು ಇನ್ನೊಂದರಿಂದ ಖಚಿತವಾಗಿ ಬೇರ್ಪಡಿಸಲಾರದೆ ಹೋದರು.

ಇಷ್ಟೆಲ್ಲ ಬರೆಯಲು ಕಾರಣವುಂಟು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಮನೆಯ ಆಂಪ್ಲಿಫೈಯರ್ ಹಳೆಯದಾಯಿತು. ಎರಡರಷ್ಟು ವ್ಯಾಟಿನದನ್ನು ತರಬೇಕೆಂದಿದ್ದೇನೆ. ಅಮ್ಮನಿಗೆ ಹಾಡಿನ ಮಾತುಗಳು ಸ್ಪಷ್ಟವಾಗಿ ಕೇಳುತ್ತಿಲ್ಲವಂತೆ, ಎಷ್ಟು ಜೋರು ಮಾಡಿದರೂ ಸಾಲದು" ಎಂದ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ಹುಡುಗ. ಕೂಡಿಟ್ಟ ಹಣವನ್ನೆಲ್ಲ ಅದಕ್ಕೇ ಸುರಿಯಲು ಹೊರಟಿದ್ದ.

ಲೆಕ್ಕ ಹಾಕಿ ತೋರಿಸಿದೆ. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಸದ್ದು ಕಿವಿಗೆ ಎರಡರಷ್ಟು ಎನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಅಂಗಡಿಯಲ್ಲಿ ಹೊಸದು ಚೆನ್ನಾಗಿ ಕೇಳುವುದಕ್ಕೂ ಒಂದು ಗುಟ್ಟಿದೆ. ಮೆಲ್ಲಗೆ ನುಡಿಸಿದಾಗ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆಯೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಹೊಸ ಯಂತ್ರವನ್ನು ತುಸು ಜೋರಾಗಿ ಇಟ್ಟರೆ ಸಾಕು, ನಾದ ತುಂಬಿಬಂದಂತೆ ಭಾಸವಾಗುತ್ತದೆ. ಹಳೆಯದನ್ನೂ ಅಷ್ಟೇ ಜೋರು ಮಾಡಿ ಹೋಲಿಸುವವರು ವಿರಳ. ಹಳೆಯದು ಗುಂಯ್‌ಗುಡುತ್ತಿದ್ದರೆ, ಅಥವಾ ಸ್ಪೀಕರಿಗೆ ಬೇಕಾದಷ್ಟು ಶಕ್ತಿ ಸಾಲದೆ ಅಲೆಯ ತುದಿಯನ್ನೇ ಕತ್ತರಿಸಿ ಕರ್ಕಶವಾಗುತ್ತಿದ್ದರೆ, ಆಗ ಬದಲಿಸುವುದು ನ್ಯಾಯ. ಉಳಿದಂತೆ ಸ್ಪೀಕರು ಮತ್ತು ಅದನ್ನಿಟ್ಟ ಕೋಣೆ ನಾದವನ್ನು ಬದಲಿಸುವಷ್ಟು ಆಂಪ್ಲಿಫೈಯರ್ ಬದಲಿಸದು.

"ನಿನ್ನ ತಾಯಿಯವರನ್ನು ಮೊದಲು ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋಗಪ್ಪ" ಎಂದೆ. ವಯಸ್ಸಾದಂತೆ ಮೊದಲು ಮಂಕಾಗುವುದು ಮೇಲಿನ ಕಂಪನಗಳ ಕೇಳ್ಮೆ. ಸ್ವರ ಕೇಳುತ್ತದೆ, ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಎಲ್ಲವನ್ನೂ ಒಂದೇ ಸಮ ಜೋರು ಮಾಡಿದರೆ ಮೃದಂಗ ಇನ್ನಷ್ಟು ಮೊರೆಯುತ್ತದೆಯೇ ಹೊರತು ಸಾಹಿತ್ಯ ತಿಳಿಯಾಗದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆತ ತಾಯಿಯನ್ನು ಅಲ್ಲಿಗೆ ಕರೆದೊಯ್ದ. ಎರಡೂ ಕಿವಿಗಳಲ್ಲಿ ಮೇಲಿನ ಕಂಪನಗಳ ದೋಷವೇ ಕಂಡುಬಂತು. ಕೂಡಿಟ್ಟ ಹಣ ಶ್ರವಣಸಾಧನಕ್ಕೆ ಹೋಯಿತು. ಆ ತಾಯಿ ಮೊದಲ ಕೆಲವು ವಾರ ಪಾತ್ರೆಯ ಸದ್ದಿಗೂ ಬೆಚ್ಚಿ ಅದನ್ನು ತೆಗೆದಿಡುತ್ತಿದ್ದರಂತೆ. ಈಗ ದಿನವೂ ಹಾಕಿಕೊಳ್ಳುತ್ತಾರೆ. ಮೊಮ್ಮಕ್ಕಳ ಪಿಸುಮಾತನ್ನೂ ಹಿಡಿದುಬಿಡುತ್ತಾರೆಂದು ಮಕ್ಕಳ ದೂರು!

ಶ್ರವಣಸಾಧನವೂ ಒಂದು ಆಂಪ್ಲಿಫೈಯರೇ. ಟ್ರಾನ್ಸಿಸ್ಟರನ್ನು ಬಳಸಿ ಜನರಿಗೆ ಮಾರಿದ ಮೊದಲ ವಸ್ತು ರೇಡಿಯೊ ಅಲ್ಲ, ಶ್ರವಣಸಾಧನ; ಅದು 1952ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕಿವುಡ ಮಕ್ಕಳ ಶಿಕ್ಷಕರಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಸ್ಮರಣೆಯಲ್ಲಿ, ಶ್ರವಣಸಾಧನ ತಯಾರಕರಿಂದ ಟ್ರಾನ್ಸಿಸ್ಟರ್ ಪೇಟೆಂಟಿನ ರಾಯಧನವನ್ನು ಬೆಲ್ ಸಂಸ್ಥೆ ತೆಗೆದುಕೊಳ್ಳಲಿಲ್ಲ. ಮನೆಯ ನಾದವನ್ನು ಹಿಗ್ಗಿಸಬೇಕೆಂದಿರುವ ನನ್ನ ಶಿಷ್ಯರೂ ಬಂಧುಗಳೂ, ಯಂತ್ರಕ್ಕೆ ಹಣ ಕೊಡುವ ಮುನ್ನ, ಅದನ್ನು ಕೇಳಬೇಕಾದ ಹಿರಿಯರ ಕಿವಿಯನ್ನು ಒಮ್ಮೆ ವಿಚಾರಿಸಿಕೊಳ್ಳಬೇಕೆಂದು ಕೋರುತ್ತೇನೆ.