ಸರ್ಪಗಂಧಿ: ರಕ್ತದೊತ್ತಡ ಮತ್ತು ಹೃದಯದ ಲಯದ ಔಷಧ ಚರಿತ್ರೆ

ಸರ್ಪಗಂಧಿ ಅರ್ಧ ಮೀಟರಿನಿಂದ ಒಂದು ಮೀಟರ್ ಎತ್ತರ ಬೆಳೆಯುವ ಕುರುಚಲು ಗಿಡ. ಕೊಲ್ಹಾಪುರ ಜಿಲ್ಲೆಯ ಆಜರಾ ಸೀಮೆಯಿಂದ ಕೊಡಗಿನತ್ತ ಸಾಗುವ ಪಶ್ಚಿಮ ಘಟ್ಟದ ತೇವದ ಕಾಡು ಅದರ ನೆಲೆಗಳಲ್ಲೊಂದು. ಎಲೆಗಳು ಸಾಮಾನ್ಯವಾಗಿ ಗಿಣ್ಣಿಗೆ ಮೂರರಂತೆ ಸುತ್ತಿಕೊಂಡಿರುತ್ತವೆ. ಬಿಳಿ ಹೂಗಳಿಗೆ ಕೆಂಪು ತೊಟ್ಟು. ಕಾಯಿ ಮಾಗಿದಾಗ ನೇರಳೆಗಪ್ಪು. ಔಷಧ ಇರುವುದು ಮುಖ್ಯವಾಗಿ ವಕ್ರವಾಗಿ ಇಳಿಯುವ ಕಹಿ ಬೇರಿನಲ್ಲಿ. ಏರು ರಕ್ತದೊತ್ತಡಕ್ಕೂ ತಪ್ಪಿದ ಹೃದಯಬಡಿತಕ್ಕೂ ಈ ಒಂದೇ ಬೇರಿನಿಂದ ಔಷಧ ದೊರೆತದ್ದು ವೈದ್ಯಚರಿತ್ರೆಯ ಅಪರೂಪದ ಸಂಗತಿ.

ದೇಶಿ ವೈದ್ಯದಲ್ಲಿ ಈ ಬೇರನ್ನು ಹಾವಿನ ವಿಷ, ನಿದ್ರಾಹೀನತೆ ಮತ್ತು ಚಿತ್ತವಿಕಾರಕ್ಕೆ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು ವರದಿ ಮಾಡಿದರು. ಅದೇ ವರ್ಷ ಸಲೀಮುಝ್ಝಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಹಲವು ಕ್ಷಾರಾಭಗಳನ್ನು ಬೇರ್ಪಡಿಸಿದರು. ಒಂದಕ್ಕೆ ಹಕೀಮ್ ಅಜ್ಮಲ್ ಖಾನ್ ಅವರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಾಯಿತು. ಹೃದಯದ ಜೀವಕೋಶಗಳಿಗೆ ಸೋಡಿಯಂ ನುಗ್ಗುವುದನ್ನು ತಡೆದು ವಿದ್ಯುತ್ ಸಂಚಾರವನ್ನು ನಿಧಾನಿಸುವುದು ಅದರ ಗುಣ. ಲಯ ತಪ್ಪಿದ ಬಡಿತಕ್ಕೆ ಅದು ಮದ್ದಾದದ್ದು ಈ ಗುಣದಿಂದಲೇ. ಬ್ರುಗಾಡಾ ಎಂಬ ಅಪಾಯಕಾರಿ ಕಾಯಿಲೆಯನ್ನು ಇಸಿಜಿಯಲ್ಲಿ ಬಯಲಿಗೆಳೆಯಲು ಅದನ್ನು ಈಗಲೂ ರಕ್ತನಾಳಕ್ಕೆ ಕೊಡುವುದುಂಟು.

ರಕ್ತದೊತ್ತಡದ ಕಡೆಯ ಕೆಲಸಕ್ಕೆ ಜಗತ್ತಿನ ಗಮನ ಸೆಳೆದವರು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್. 50 ರೋಗಿಗಳ ಮೇಲಿನ ಅವರ ಅಧ್ಯಯನ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರಿಸರ್ಪೀನನ್ನು ಬೇರ್ಪಡಿಸಿದರು. ಅದು ನರತುದಿಗಳಲ್ಲಿ ಕೂಡಿಟ್ಟ ನಾರ್‌ಅಡ್ರಿನಲೀನನ್ನು ಬರಿದು ಮಾಡುತ್ತದೆ. ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ, ನಾಡಿಯೂ ನಿಧಾನವಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟವರಲ್ಲಿ ಖಿನ್ನತೆ ಕಂಡುಬಂದ ವರದಿಗಳಿಂದಲೂ ಹೊಸ ಮಾತ್ರೆಗಳು ಬಂದದ್ದರಿಂದಲೂ ಅದರ ಬಳಕೆ ಕ್ರಮೇಣ ಕುಗ್ಗಿತು.

ಮದ್ದು ಒಂದೇ ಬೇರಿನದಾದರೂ ಎರಡು ಕಾಯಿಲೆಗಳ ನಂಟು ತಿಳಿದದ್ದು ಬೇರೆ ದಾರಿಯಲ್ಲಿ. ರಿವಾ-ರೊಚ್ಚಿ 1896ರಲ್ಲಿ ತೋಳುಪಟ್ಟಿಯ ಬಿಪಿ ಉಪಕರಣವನ್ನು ರೂಪಿಸಿದ; 1909ರಲ್ಲಿ ಥಾಮಸ್ ಲೂಯಿಸ್, ಐಂಥೋವನ್‌ನ ಇಸಿಜಿಯ ನೆರವಿನಿಂದ, ಅಡ್ಡಾದಿಡ್ಡಿ ನಾಡಿಗೆ ಹೃತ್ಕರ್ಣದ ಕಂಪನವೇ ಕಾರಣವೆಂದು ತೋರಿಸಿದ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಿಂದ ನಡೆದ ಅಧ್ಯಯನದ 1994ರ ವರದಿಯಂತೆ, ಏರು ರಕ್ತದೊತ್ತಡವಿದ್ದ ಗಂಡಸರಲ್ಲಿ ಈ ಕಂಪನದ ಸಾಧ್ಯತೆ 1.5 ಪಟ್ಟು, ಹೆಂಗಸರಲ್ಲಿ 1.4 ಪಟ್ಟು. ಪಟ್ಟು ಚಿಕ್ಕದೆನಿಸಿದರೂ ಏರು ರಕ್ತದೊತ್ತಡ ಬಹಳ ಜನರಿಗಿರುವುದರಿಂದ ಒಟ್ಟು ಹೊರೆ ದೊಡ್ಡದು.

ಕಾರಣ ಹೃದಯದ ರಚನೆಯಲ್ಲೇ ಇದೆ. ಹೆಚ್ಚಿನ ಒತ್ತಡದೆದುರು ವರ್ಷಗಟ್ಟಲೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಅದನ್ನು ತುಂಬಿಸಲು ಹೆಣಗುವ ಎಡ ಹೃತ್ಕರ್ಣ ಹಿಗ್ಗುತ್ತದೆ. ಸ್ನಾಯುಗಳ ನಡುವೆ ನಾರುಗಟ್ಟಿ ವಿದ್ಯುತ್ತಿನ ಅಲೆ ಚದುರುತ್ತದೆ. ಹೃತ್ಕರ್ಣ ಸರಿಯಾಗಿ ಕುಗ್ಗದೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಬಡಿತದಿಂದ ಬಡಿತಕ್ಕೆ ಒತ್ತಡ ಬದಲಾಗುವುದರಿಂದ ಈ ಕಂಪನವಿರುವವರ ಬಿಪಿಯನ್ನು ಒಂದೇ ಸಲ ನೋಡಿ ನಂಬದೆ ಹಲವು ಸಲ ಅಳೆಯಬೇಕಾಗುತ್ತದೆ.

ಬೇರಿಗಾಗಿ ಇಡೀ ಗಿಡವನ್ನೇ ಕೀಳಬೇಕಾದ್ದರಿಂದ ಕಾಡಿನಲ್ಲಿ ಸರ್ಪಗಂಧಿ ವಿರಳವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ.