ಸಂಧಿವಾತವೂ ರಕ್ತದ ಚಿಹ್ನೆಗಳೂ

ವೈದ್ಯಶಾಸ್ತ್ರದಲ್ಲಿ ರೋಗವನ್ನು ತಿಳಿಸತಕ್ಕ ಚಿಹ್ನೆಗೆ ರೂಪವೆಂದೂ ಲಿಂಗವೆಂದೂ ಹೆಸರು. ನ್ಯಾಯಶಾಸ್ತ್ರದಲ್ಲಿಯೂ ಅಗ್ನಿಯನ್ನು ಅನುಮಾನಿಸುವುದಕ್ಕೆ ಸಾಧನವಾದ ಧೂಮವು ಲಿಂಗವೆನಿಸುವುದು. ಲಿಂಗವು ಲಿಂಗಿಯನ್ನು ತಿಳಿಸುವುದೇ ಹೊರತು ತಾನೇ ಲಿಂಗಿಯಾಗಲಾರದು. ಈ ವಿವೇಕವು ತಪ್ಪಿದಲ್ಲಿ ಚಿಕಿತ್ಸೆಯು ಹೇಗೆ ದಾರಿಗೆಡುವುದೆಂಬುದಕ್ಕೆ ಸಂಧಿವಾತದ ರಕ್ತಪರೀಕ್ಷೆಯ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ಭಾರತೀಯ ವೈದ್ಯಗ್ರಂಥಗಳಲ್ಲಿ ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟವನು ಮಾಧವಕರನು. ಇವನ ಕಾಲವು ಕ್ರಿ. ಶ. 700ರ ಆಸುಪಾಸು. ಜ್ವರ, ಅರುಚಿ, ಕೈಕಾಲುಗಳ ಸಂಧಿಗಳಲ್ಲಿ ಊತ, ಚೇಳು ಕುಟುಕಿದಂತಹ ವೇದನೆ ಇವೇ ಮೊದಲಾದುವು ಅವನು ಹೇಳಿದ ಲಕ್ಷಣಗಳು. ಇದನ್ನು ಇಂದಿನ ರುಮಟಾಯ್ಡ್ ಸಂಧಿವಾತವೆಂದೇ ಎಣಿಸುವವರುಂಟು. ಆದರೆ ಆ ವರ್ಣನೆಯು ಬೇರೆ ಸಂಧಿರೋಗಗಳಿಗೂ ಹೊಂದುವುದಾದುದರಿಂದ ಎರಡನ್ನೂ ಒಂದೇ ಎನ್ನುವುದು ಸಾಹಸವಾದೀತು. ರೋಗಿಯನ್ನು ಪರೀಕ್ಷಿಸುವುದಕ್ಕೆ ವಾಗ್ಭಟನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ವಿಧಿಸಿದ್ದಾನೆ.

ಯೂರೋಪಿನಲ್ಲಾದರೋ ಸಿರೆಯನ್ನು ಕೊಯ್ದು ರಕ್ತ ತೆಗೆಯುವುದು ಶತಮಾನಗಳ ಕಾಲ ಪ್ರಧಾನ ಚಿಕಿತ್ಸೆಯಾಗಿದ್ದಿತು. ಉರಿಯೂತವುಳ್ಳವನ ರಕ್ತವು ಪಾತ್ರೆಯಲ್ಲಿ ಹೆಪ್ಪುಗಟ್ಟಿದಾಗ ಅದರ ಮೇಲೆ ಬಿಳಿಹಳದಿಯ ಪೊರೆಯೊಂದು ಏರ್ಪಡುವುದನ್ನು ಅಲ್ಲಿಯ ವೈದ್ಯರು ಕಂಡಿದ್ದರು. ಇದು ರೋಗದ್ರವ್ಯವೇ ಎಂದು ಬಗೆದ ಅನೇಕರು, ಪೊರೆಯು ಕಾಣುತ್ತಿರುವವರೆಗೆ ಮತ್ತೆ ಮತ್ತೆ ರಕ್ತವನ್ನು ತೆಗೆಯುತ್ತಿದ್ದರು. ಆ ಪೊರೆಯು ರಕ್ತದ್ರವದಲ್ಲಿಯೇ ಇರುವ ಹೆಪ್ಪುಗಟ್ಟುವ ಅಂಶದಿಂದ ಆದುದೆಂದು ಇಂಗ್ಲೆಂಡಿನ ವಿಲಿಯಂ ಹ್ಯೂಸನ್ 1771ರಲ್ಲಿ ವಿವರಿಸಿದನು. ಕೆಂಪು ಕಣಗಳು ಬೇಗನೆ ತಳಕ್ಕಿಳಿದಾಗ ಮೇಲೆ ಉಳಿದ ದ್ರವವು ಹೆಪ್ಪಾಗಿ ಪೊರೆಯಾಗಿ ಕಾಣುತ್ತಿದ್ದಿತೇ ಹೊರತು ಅದು ದೇಹಕ್ಕೆ ಹೊರಗಿನದಾಗಿರಲಿಲ್ಲ. ಧೂಮವನ್ನೇ ಅಗ್ನಿಯೆಂದು ಭ್ರಮಿಸಿ ರೋಗಿಯ ಬಲವನ್ನು ಹರಿಯಬಿಟ್ಟಂತಾಯಿತು.

ರಕ್ತದ ಲಿಂಗವನ್ನು ಸರಿಯಾಗಿ ಬಳಸಿದವರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಗಣ್ಯನು. ಗೌಟ್ ಎಂಬ ರೋಗದಲ್ಲಿ ರಕ್ತದೊಳಗೆ ಯೂರಿಕ್ ಆಮ್ಲವು ಹೆಚ್ಚಿರುವುದನ್ನು ಅವನು 1848ರಲ್ಲಿ ತೋರಿಸಿ, ಅದರಿಂದ ಬೇರೆಯಾದ ಮತ್ತೊಂದು ರೋಗಕ್ಕೆ 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನಿಟ್ಟನು. 1897ರಲ್ಲಿ ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿಯು ಕಣಗಳು ತಳಕ್ಕಿಳಿಯುವ ವೇಗವು ರೋಗಗಳಲ್ಲಿ ಭಿನ್ನವಾಗುವುದನ್ನು ಗುರುತಿಸಿದನು. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಗರ್ಭಿಣಿಯರ ರಕ್ತದಲ್ಲಿ ಇದನ್ನೇ ಕಂಡು, 1921ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದನು. ಪಾತ್ರೆಯಲ್ಲಿ ನಿಂತ ರಕ್ತವು ಬೇರೆ ಬೇರೆ ಬಣ್ಣದ ಪದರಗಳಾಗುವುದನ್ನು ಕಂಡೇ ಗ್ರೀಕರು ಚತುರ್ದೋಷಗಳನ್ನು ಕಲ್ಪಿಸಿರಬಹುದೆಂಬ ಊಹೆಯೂ ಅವನದೇ. ಅದೇ ವರ್ಷ ಆಲ್ಫ್ ವೆಸ್ಟರ್ಗ್ರೆನ್ ಕ್ಷಯರೋಗಿಗಳ ವಿಷಯದಲ್ಲಿ ವಿವರಿಸಿದ ಅಳತೆಯ ಕ್ರಮವು ಮುಂದೆ ಎಲ್ಲೆಡೆ ಹಬ್ಬಿತು. 200 ಮಿಲಿಮೀಟರ್ ಅಳತೆಯ ಗುರುತುಗಳುಳ್ಳ ಕೊಳವೆಯಲ್ಲಿ ಕಣಗಳು ಒಂದು ಗಂಟೆಗೆ ಎಷ್ಟು ಇಳಿದುವೆಂಬುದೇ ಇ.ಎಸ್.ಆರ್. ಉರಿಯೂತದಲ್ಲಿ ಫೈಬ್ರಿನೋಜೆನ್ ಹೆಚ್ಚಿ, ಕಣಗಳು ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಕೂಡಿಕೊಂಡು ಬೇಗನೆ ಇಳಿಯುವುವು. ಪೂರ್ವಕಾಲದ ಪೊರೆಗೆ ಕಾರಣವಾದುದೂ ಇದೇ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮತ್ತೊಂದು ಲಿಂಗವನ್ನು ಕಂಡುಹಿಡಿದರು. ಅದೇ ಮುಂದೆ ಸಿ-ರಿಯಾಕ್ಟಿವ್ ಪ್ರೋಟೀನ್ ಎನಿಸಿತು. ಯಕೃತ್ತಿನಲ್ಲಿ ಹುಟ್ಟುವ ಇದು ಉರಿಯೂತದೊಡನೆ ಬೇಗನೆ ಏರಿ, ಅದು ಶಮನವಾದಾಗ ಬೇಗನೆ ಇಳಿಯುವುದು; ಇ.ಎಸ್.ಆರ್. ನಿಧಾನವಾಗಿ ಇಳಿಯುವುದು.

ಈ ಲಿಂಗಗಳಿಗೆ ವ್ಯಭಿಚಾರವೂ ಉಂಟು. ರಕ್ತಹೀನತೆ, ವಯಸ್ಸು, ಗರ್ಭ ಇವುಗಳಿಂದಲೂ ಇ.ಎಸ್.ಆರ್. ಏರುವುದು, ಸಂಧಿಗಳು ಊದಿದ್ದರೂ ಕೆಲವರಲ್ಲಿ ಎರಡೂ ಸಹಜವಾಗಿಯೇ ಇರುವುವು. ಆದುದರಿಂದಲೇ 1995ರಲ್ಲಿ ಹಾಲೆಂಡಿನ ವಿದ್ವಾಂಸರು ಪ್ರಕಟಿಸಿದ ಡಿ.ಎ.ಎಸ್. 28 ಎಂಬ ಗಣನೆಯಲ್ಲಿ ನಾಲ್ಕು ಅಂಗಗಳಿವೆ: 28 ಸಂಧಿಗಳಲ್ಲಿ ಊದಿದವುಗಳ ಸಂಖ್ಯೆ, ಒತ್ತಿದರೆ ನೋಯುವವುಗಳ ಸಂಖ್ಯೆ, ರೋಗಿಯು ತನ್ನ ಸ್ಥಿತಿಯನ್ನು ಕುರಿತು ತಾನೇ ಕೊಡುವ ಅಂಕ, ರಕ್ತದ ಲಿಂಗ. ಮೊತ್ತವು 2.6ಕ್ಕಿಂತ ಕಡಿಮೆಯಾದರೆ ರೋಗವು ಶಾಂತವೆಂದೂ, 5.1ನ್ನು ಮೀರಿದರೆ ಉಗ್ರವೆಂದೂ ಎಣಿಸುವರು. ವಾಗ್ಭಟನ ಮೂರು ಉಪಾಯಗಳು ಇಲ್ಲಿ ಉಳಿದಿವೆ. ರಕ್ತಪರೀಕ್ಷೆಯು ನಾಲ್ಕನೆಯದಾಗಿ ಸೇರಿದೆ.

ಈ ಎಚ್ಚರಿಕೆಯು ಇಂದಿಗೂ ಅವಶ್ಯಕವೇ. ಟೊಸಿಲಿಜುಮಾಬ್ ಎಂಬ ಔಷಧವು ಯಕೃತ್ತಿಗೆ ಪ್ರೇರಣೆಯನ್ನು ಕೊಡುವ ಇಂಟರ್ಲ್ಯೂಕಿನ್-6ರ ಕಾರ್ಯವನ್ನು ತಡೆಯುವುದರಿಂದ, ಸಂಧಿಗಳ ಸ್ಥಿತಿ ಹೇಗೇ ಇರಲಿ, ರಕ್ತದ ಲಿಂಗಗಳು ಇಳಿದುಬಿಡುವುವು. ಅವುಗಳೊಡನೆ ಮೊತ್ತವೂ ಇಳಿಯುವುದು. ಹಿಂದೆ ಧೂಮವನ್ನು ಕಂಡು ಅದನ್ನೇ ಅಗ್ನಿಯೆಂದರು. ಈಗ ಧೂಮವಿಲ್ಲದುದನ್ನು ಕಂಡು ಅಗ್ನಿಯೇ ಇಲ್ಲವೆನ್ನುವ ಅಪಾಯವುಂಟು. ಅಂಕೆಯನ್ನು ಓದಿದ ಬಳಿಕವೂ ವೈದ್ಯನು ಕೀಲನ್ನು ಮುಟ್ಟಿ ನೋಡಬೇಕು, ರೋಗಿಯ ಮಾತನ್ನು ಕೇಳಬೇಕು.